ತಲೆಬರಹ ಓದದ ಹತ್ತೊಂಬತ್ತು ವರ್ಷ

ಬೆಳಿಗ್ಗೆ ಐದೂ ಹತ್ತು. ಸರ್ಕಾರಿ ಮುದ್ರಣಾಲಯದ ಎರಡನೇ ಮಹಡಿಯಲ್ಲಿ ಒಂದೇ ಕಿಟಕಿಗೆ ಬೆಳಕಿದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಐವತ್ತಾರು ವರ್ಷದ ಹೆಂಗಸೊಬ್ಬರು ಕುಳಿತಿದ್ದಾರೆ. ಎಡಗೈಯ ಕೆಳಗೆ, ಶಾಸನಸಭೆಯ ಸದಸ್ಯರು ನಿನ್ನೆ ಮತ ಹಾಕುವಾಗ ಸಹಿ ಮಾಡಿದ ಹಾಳೆಗಳ ನಕಲು. ಬಲಗೈಯ ಕೆಳಗೆ, ರಾತ್ರಿ ಪಾಳಿಯವರು ಆ ಹೆಸರುಗಳನ್ನು ಟೈಪ್ ಮಾಡಿಟ್ಟ ಕರಡು. ಕರಡಿನ ಮೇಲೆ ಅಂಚು ಸವೆದ ಒಂದು ರಟ್ಟು. ರಟ್ಟಿನ ನಡುವೆ ಬ್ಲೇಡಿನಿಂದ ಕೊಯ್ದ ಉದ್ದನೆಯ ಸೀಳು. ಆ ಸೀಳಿನಲ್ಲಿ ಒಂದು ಸಲಕ್ಕೆ ಒಂದೇ ಹೆಸರು ಕಾಣುತ್ತದೆ.

ಅವರು ಪುಟದ ಕಟ್ಟಕಡೆಯ ಹೆಸರಿನಿಂದ ಶುರು ಮಾಡುತ್ತಾರೆ. ತುಟಿ ಅಲುಗುತ್ತದೆ, ಸದ್ದು ಬರುವುದಿಲ್ಲ. ಸಹಿಯ ಹಾಳೆಯತ್ತ ಒಮ್ಮೆ ಕಣ್ಣು, ಕರಡಿನತ್ತ ಒಮ್ಮೆ ಕಣ್ಣು, ನೀಲಿ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ. ರಟ್ಟು ಒಂದು ಸಾಲು ಮೇಲಕ್ಕೆ ಸರಿಯುತ್ತದೆ.

"ಮೇಲಿನಿಂದ ಓದಿದರೆ ಕಣ್ಣು ಮೋಸ ಮಾಡುತ್ತೆ. ಎರಡು ಹೆಸರು ಓದೋ ಹೊತ್ತಿಗೆ ಮೂರನೆಯದು ಯಾವುದು ಅಂತ ಮನಸ್ಸೇ ಹೇಳಿಬಿಡುತ್ತೆ. ಆಮೇಲೆ ಕಾಗದದಲ್ಲಿ ಇರೋದು ಕಾಣಲ್ಲ, ತಲೆಯಲ್ಲಿ ಇರೋದು ಕಾಣುತ್ತೆ. ಕೆಳಗಿನಿಂದ ಬಂದರೆ ಮನಸ್ಸಿಗೆ ದಾರಿ ಗೊತ್ತಿರಲ್ಲ," ಎನ್ನುತ್ತಾರೆ.

ಮುದ್ರಣಾಲಯದಲ್ಲಿ ಎಲ್ಲರೂ ಇವರನ್ನು ಪಟ್ಟಿಯಕ್ಕ ಎಂದೇ ಕರೆಯುತ್ತಾರೆ. ಯಾವ ಸದಸ್ಯ ಯಾವ ಕಡೆ ಮತ ಹಾಕಿದರು ಎಂಬ ಪಟ್ಟಿ ಇವರ ಕೈ ದಾಟದೆ ಅಚ್ಚಾಗುವುದಿಲ್ಲ. ಸಭೆಯಲ್ಲಿ ಇನ್ನೂರ ಹನ್ನೆರಡು ಸದಸ್ಯರಿದ್ದಾರೆ. ಕಲಾಪ ನಡೆಯುವ ದಿನ ಸರಾಸರಿ ಆರು ಮತದಾನ, ವರ್ಷಕ್ಕೆ ಸುಮಾರು ಎಪ್ಪತ್ತು ದಿನ. ಗುಣಿಸಿ ನೋಡಿದರೆ ವರ್ಷಕ್ಕೆ ಎಂಬತ್ತೊಂಬತ್ತು ಸಾವಿರದಷ್ಟು ಹೆಸರುಗಳು, ಹತ್ತೊಂಬತ್ತು ವರ್ಷಕ್ಕೆ ಹದಿನೇಳು ಲಕ್ಷದ ಹತ್ತಿರ. ಇಷ್ಟರಲ್ಲಿ ಅಚ್ಚಾದ ಮೇಲೆ ಸಿಕ್ಕಿಬಿದ್ದ ತಪ್ಪುಗಳು ಹನ್ನೊಂದು. ಆ ಹನ್ನೊಂದರ ತಾರೀಖುಗಳೂ ಅವರಿಗೆ ಬಾಯಿಪಾಠ. ಹತ್ತು ಗಂಟೆಯೊಳಗೆ ಪಟ್ಟಿ ಸದಸ್ಯರ ಮೇಜಿಗೆ ತಲುಪಬೇಕು, ಹಾಗಾಗಿ ಅವರ ದಿನ ಕತ್ತಲಲ್ಲೇ ಆರಂಭವಾಗುತ್ತದೆ. ಕುತ್ತಿಗೆ ನೋವು ಹನ್ನೆರಡು ವರ್ಷದಿಂದ ಇದೆ. ಕನ್ನಡಕಗಳು ಎರಡು: ಒಂದು ಬೀದಿಗೆ, ಇನ್ನೊಂದು ಹೆಸರುಗಳಿಗೆ.

ಹತ್ತನೇ ತರಗತಿ ಮುಗಿಸಿ ಹಾಳೆ ಎಣಿಸುವ ಕೆಲಸಕ್ಕೆ ಸೇರಿದವರು ಅವರು. ಎಣಿಕೆಯಲ್ಲಿ ತಪ್ಪುವುದಿಲ್ಲ ಎಂದು ಕಂಡ ಮೇಲೆ ಕರಡು ತಿದ್ದುವ ಮೇಜಿಗೆ ಕೂರಿಸಿದರು. ಈ ಅಭ್ಯಾಸ ಮನೆಯೊಳಗೂ ಹೊಕ್ಕಿದೆ. ಮದುವೆಯ ಕರೆಯೋಲೆ ಬಂದರೆ ಅಮ್ಮನಿಗೆ ಮೊದಲು ಅಚ್ಚು ಹಾಕಿದವರ ವಿಳಾಸ ಗೊತ್ತಾಗುತ್ತದೆ, ಆಮೇಲೆ ಊಟದ ಹೊತ್ತು, ಯಾರಿಗೆ ಮದುವೆ ಎನ್ನುವುದು ಕೊನೆಗೆ ಎಂದು ಮಗಳು ರೇಗಿಸುತ್ತಾಳೆ.

ಆದರೆ ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಪಟ್ಟಿಯ ತಲೆಬರಹ, ಅಂದರೆ ಮತ ಬಿದ್ದದ್ದು ಯಾವ ವಿಷಯಕ್ಕೆ ಎಂದು ಹೇಳುವ ಎರಡು ಸಾಲು, ಮೇಲ್ವಿಚಾರಕರ ಪಾಲಿನದು. ಹೆಸರು ನೋಡುವವರು ಹೆಸರು ಮಾತ್ರ ನೋಡಬೇಕು. ರಟ್ಟು ಕೂಡ ಅದಕ್ಕೆ ತಕ್ಕಂತೆಯೇ ಇದೆ. ಸೀಳು ಮೊದಲ ಹೆಸರನ್ನು ಮುಟ್ಟುವ ಹೊತ್ತಿಗೆ ರಟ್ಟಿನ ಮೇಲ್ಭಾಗ ತಲೆಬರಹವನ್ನು ಪೂರ್ತಿ ಮುಚ್ಚಿರುತ್ತದೆ. 'ಪರ', 'ವಿರುದ್ಧ', 'ತಟಸ್ಥ', 'ಗೈರು' ಎಂಬ ನಾಲ್ಕು ಗುಂಪುಗಳು ಕಾಣುತ್ತವೆ. ಯಾವುದರ ಪರ, ಯಾವುದರ ವಿರುದ್ಧ ಎನ್ನುವುದು ಮಾತ್ರ ಕಾಣುವುದಿಲ್ಲ.

ಹತ್ತೊಂಬತ್ತು ವರ್ಷ ಅವರು ತಲೆಬರಹ ಓದಲಿಲ್ಲ.

ಅವರ ಯಜಮಾನರು ಊರಂಚಿನ ಸೈಕಲ್ ಚೈನ್ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಪ್ರತಿ ಐನೂರು ಚೈನಿಗೆ ಒಂದನ್ನು ಎತ್ತಿ, ಎರಡು ಕೊಕ್ಕೆಗಳ ನಡುವೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆಯುವುದು ಅವರ ಕೆಲಸ. ಎಂಟುನೂರು ಕಿಲೋಗಿಂತ ಕಡಿಮೆ ಭಾರಕ್ಕೆ ತುಂಡಾದರೆ ಐನೂರೂ ವಾಪಸ್. ಒಂದು ಕಾಲಕ್ಕೆ ಮೂರು ಪಾಳಿಯಲ್ಲಿ ಆರುನೂರ ನಲವತ್ತು ಜನ ದುಡಿಯುತ್ತಿದ್ದ ಜಾಗ ಅದು. ಈಗ ಒಂದೇ ಪಾಳಿ, ನೂರ ಎಪ್ಪತ್ತಾರು ಜನ. ಆ ಒಂದು ಪಾಳಿಯನ್ನು ಉಳಿಸಿರುವುದು ಒಂದು ಸರ್ಕಾರಿ ಆದೇಶ: ಶಾಲೆಯ ಮಕ್ಕಳಿಗೆಂದು ಸರ್ಕಾರ ಕೊಳ್ಳುವ ಸೈಕಲ್ಲುಗಳಲ್ಲಿ ದೇಶದಲ್ಲೇ ತಯಾರಾದ ಚೈನ್ ಇರಬೇಕು. ಆದೇಶದ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬುದು ಈ ಅಧಿವೇಶನದಲ್ಲಿ ಮತಕ್ಕೆ ಬರುವುದಿತ್ತು.

ಕಾರ್ಖಾನೆಯವರಿಗೆ ಅಷ್ಟೇನೂ ದಿಗಿಲಿರಲಿಲ್ಲ. ಅವರಿಗೆ ಚೈನ್ ಅಣ್ಣ ಇದ್ದರು. ಆ ಭಾಗದಿಂದ ಐದು ಸಲ ಗೆದ್ದ ಸದಸ್ಯರಿಗೆ ಕಾರ್ಮಿಕರೇ ಇಟ್ಟ ಹೆಸರು ಅದು. ಎಂಟು ವರ್ಷದ ಹಿಂದೆ ಅವರು ಆರು ಚೈನುಗಳನ್ನು ಕೊರಳಿಗೆ ಹಾಕಿಕೊಂಡು ಶಾಸನಸಭೆಗೆ ಹೋಗಿ, ಈ ಭಾರ ಹೊತ್ತವರ ಮಾತು ಕೇಳಿ ಎಂದು ಇಪ್ಪತ್ತು ನಿಮಿಷ ಮಾತಾಡಿದ್ದರು. ಮರುದಿನದ ಪತ್ರಿಕೆಗಳಲ್ಲೆಲ್ಲ ಅದೇ ಚಿತ್ರ. ಬಿಳಿ ಅಂಗಿಗೆ ಕಲೆಯಾಗಬಾರದೆಂದು ಆ ಆರೂ ಚೈನುಗಳ ಎಣ್ಣೆಯನ್ನು ಒರೆಸಿಕೊಟ್ಟವರು ಪಟ್ಟಿಯಕ್ಕನ ಯಜಮಾನರು. ಕಾರ್ಖಾನೆಯ ಊಟದ ಕೋಣೆಯಲ್ಲಿ ಆ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು.

"ನನಗೂ ಅಭಿಮಾನವೇ. ಅವರ ಹೆಸರಿಗೆ ಚುಕ್ಕೆ ಇಡುವಾಗ, ನಮ್ಮವರು ಅಂತ ಒಂದು ಗಳಿಗೆ ಅನ್ನಿಸ್ತಿತ್ತು. ಯಾವ ಗುಂಪಿನಲ್ಲಿ ಇದಾರೆ ಅಂತ ನೋಡ್ತಿದ್ದೆ, ಸರಿ ಇದೆಯಾ ಅಂತ ಮಾತ್ರ," ಎನ್ನುತ್ತಾರೆ ಪಟ್ಟಿಯಕ್ಕ.

ಮತದಾನಕ್ಕೆ ಮೊದಲು ಚೈನ್ ಅಣ್ಣನನ್ನು ಕಾರ್ಖಾನೆಗೆ ಕರೆದು ಬಿನ್ನವತ್ತಳೆ ಕೊಡುವುದೆಂದು ಕಾರ್ಮಿಕರ ಸಂಘ ತೀರ್ಮಾನಿಸಿತು. ಬರೆಯುವ ಕೆಲಸ ಯಜಮಾನರ ಪಾಲಿಗೆ ಬಂತು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಅಳತೆಯಿಲ್ಲದ ಮಾತು ಅವರಿಗೆ ಒಗ್ಗುವುದಿಲ್ಲ. 'ಸದಾ ನಮ್ಮ ಪರ ನಿಂತವರು' ಎಂದು ಬರೆದು, ಅಲ್ಲಿಗೇ ಪೆನ್ನು ಇಟ್ಟರು. ಸದಾ ಅಂದರೆ ಎಷ್ಟು ಸಲ? ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೇಳಿದರು. ನಿನ್ನ ಪಟ್ಟಿಗಳಲ್ಲಿ ನೋಡಿ ಒಂದು ಸಂಖ್ಯೆ ಹೇಳು, ಬರೆದುಬಿಡ್ತೀನಿ ಎಂದರು.

ಮರುದಿನ ಪಾಳಿ ಮುಗಿದ ಮೇಲೆ ಪಟ್ಟಿಯಕ್ಕ ನೆಲಮಾಳಿಗೆಯ ಕಡತದ ಕೋಣೆಗೆ ಹೋದರು. ಹತ್ತೊಂಬತ್ತು ವರ್ಷದ ಪಟ್ಟಿಗಳು ಅಲ್ಲಿ ವರ್ಷವಾರು ಹೊಲಿದು ಜೋಡಿಸಿಟ್ಟಿವೆ. ಒಂದು ಪೆಟ್ಟಿಗೆಯ ಮೇಲೆ ಕುಳಿತು, ರಟ್ಟಿಲ್ಲದೆ, ಮೊದಲ ಸಲ ಮೇಲಿನಿಂದ ಓದಲು ಶುರು ಮಾಡಿದರು. ದೇಶದ ಉದ್ಯಮಗಳಿಗೆ ಸರ್ಕಾರದ ನೆರವು ಎಂಬ ವಿಷಯ ತಲೆಬರಹದಲ್ಲಿರುವ ಪಟ್ಟಿಗಳನ್ನು ಮಾತ್ರ ಬೇರೆ ತೆಗೆದರು. ಆಮದು ಚೈನಿನ ಮೇಲಿನ ಸುಂಕ, ಸಣ್ಣ ಕಾರ್ಖಾನೆಗಳ ವಿದ್ಯುತ್ ರಿಯಾಯಿತಿ, ಸರ್ಕಾರಿ ಖರೀದಿಯಲ್ಲಿ ದೇಶೀ ಸರಕಿಗೆ ಆದ್ಯತೆ, ಹಳೆಯ ಯಂತ್ರ ಬದಲಿಸಲು ಸಹಾಯ. ಒಟ್ಟು ಇಪ್ಪತ್ಮೂರು ಮತದಾನ.

ಹತ್ತನೆಯದಕ್ಕೆ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದರು. ಎಲ್ಲ ಮುಗಿದಾಗ ಕೈಯಲ್ಲಿದ್ದ ಚೀಟಿ ಹೀಗಿತ್ತು: ಚೈನ್ ಅಣ್ಣ ಪರವಾಗಿ ಮತ ಹಾಕಿದ್ದು ನಾಲ್ಕು ಸಲ, ವಿರುದ್ಧ ಹದಿಮೂರು ಸಲ, ಗೈರಾಗಿದ್ದು ಆರು ಸಲ.

ಈ ಲೇಖನಕ್ಕಾಗಿ ಅದೇ ಪಟ್ಟಿಗಳನ್ನು ನಾನೂ ಎರಡು ಸಲ ನೋಡಿದೆ. ವಿರುದ್ಧದ ಹದಿಮೂರರಲ್ಲಿ ನಾಲ್ಕು ಒಂದೇ ಮಸೂದೆಯ ಬೇರೆ ಬೇರೆ ಕಲಮುಗಳ ಮೇಲಿನವು. ಅವನ್ನು ಒಂದೆಂದೇ ಎಣಿಸಿದರೂ ಇಪ್ಪತ್ತರಲ್ಲಿ ಹತ್ತು ವಿರುದ್ಧ ಉಳಿಯುತ್ತದೆ. ಪರವಾಗಿ ಬಿದ್ದ ನಾಲ್ಕೂ ಮಸೂದೆ ಕೊನೆಯ ಹಂತಕ್ಕೆ ಬಂದಾಗಿನವು. ಗೆಲುವಿನ ಅಂತರ ಒಂದರಲ್ಲೂ ಐವತ್ತಕ್ಕೆ ಕಡಿಮೆಯಿಲ್ಲ. ಅಂದರೆ ಯಾರ ಒಂದು ಮತವೂ ಅಲ್ಲಿ ಬೇಕಾಗಿರಲಿಲ್ಲ. ಎಣಿಕೆಯನ್ನು ಯಾವ ಕಡೆಯಿಂದ ಮೃದು ಮಾಡಲು ಹೋದರೂ ಅದು ಮೃದುವಾಗಲಿಲ್ಲ.

ಪಟ್ಟಿಯಕ್ಕ ತತ್ತರಿಸಿದ್ದು ಈ ಸಂಖ್ಯೆಗಳಿಗಲ್ಲ, ಒಂದು ಪುಟಕ್ಕೆ. ಕೊರಳಿಗೆ ಚೈನ್ ಹಾಕಿಕೊಂಡು ಮಾತಾಡಿದ ಆ ದಿನದ ಪುಟ. ಭಾಷಣ ಮುಗಿದ ನಲವತ್ತು ನಿಮಿಷಕ್ಕೆ, ದೇಶೀ ಚೈನಿನ ನಿಯಮವನ್ನು ಆಗಾಗ ನವೀಕರಿಸುವ ಆದೇಶವಾಗಿ ಬಿಡದೆ ಶಾಶ್ವತ ಕಾನೂನು ಮಾಡಬೇಕೆಂಬ ತಿದ್ದುಪಡಿ ಮತಕ್ಕೆ ಬಂದಿತ್ತು. ಪರ ತೊಂಬತ್ತಾರು, ವಿರುದ್ಧ ತೊಂಬತ್ತೆಂಟು. ಎರಡು ಮತದಿಂದ ಅದು ಬಿದ್ದುಹೋಯಿತು. ಚೈನ್ ಅಣ್ಣನ ಹೆಸರು ವಿರುದ್ಧದ ಗುಂಪಿನಲ್ಲಿದೆ. ಅವರೊಬ್ಬರು ಈ ಕಡೆ ಬಂದಿದ್ದರೆ ಎರಡೂ ಕಡೆ ತೊಂಬತ್ತೇಳು ಸಮವಾಗಿ, ನಿರ್ಧಾರ ಸಭಾಧ್ಯಕ್ಷರಿಗೆ ಹೋಗುತ್ತಿತ್ತು. ಆಮೇಲೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಕಾನೂನಾಗಿದ್ದರೆ ಈ ವರ್ಷ ಮತ್ತೆ ಯಾರ ಮುಂದೆಯೂ ಕೈಯೊಡ್ಡಿ ನಿಲ್ಲಬೇಕಿರಲಿಲ್ಲ.

ಕಡತದಲ್ಲಿ ಆ ಪುಟದ ಹಿಂದೆಯೇ ಅದರ ಕರಡೂ ಇತ್ತು. ಕರಡಿನಲ್ಲಿ ಚೈನ್ ಅಣ್ಣನ ಹೆಸರು 'ಪರ' ಎಂಬುದರ ಕೆಳಗಿದೆ. ಅದಕ್ಕೆ ನೀಲಿ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಉದ್ದನೆಯ ಬಾಣ ಎಳೆದು, ವಿರುದ್ಧದ ಗುಂಪಿಗೆ ತಂದು ಸೇರಿಸಿದ ಗುರುತಿದೆ. ಆ ಬಾಣ ಪಟ್ಟಿಯಕ್ಕನದೇ. ಎಂಟು ವರ್ಷದ ಹಿಂದಿನ ಆ ಬೆಳಗಿನ ಜಾವ, ಸಹಿಯ ಹಾಳೆಗೆ ತಾಳೆ ನೋಡಿ, ತಪ್ಪು ಕಂಡು, ವಿಷಯ ಏನೆಂದು ತಿಳಿಯದೆ, ಅವರೇ ಅದನ್ನು ತಿದ್ದಿದ್ದರು.

ಅಂದು ಟೈಪ್ ಮಾಡಿದವರು ಈಗಲೂ ಪಕ್ಕದ ಕೋಣೆಯಲ್ಲಿದ್ದಾರೆ. ಕೇಳಿದರೆ ನಕ್ಕುಬಿಟ್ಟರು. ಅವರ ನಗು ಬೇಗ ಆರಿತು. "ಮಧ್ಯಾಹ್ನ ರೇಡಿಯೋದಲ್ಲಿ ಆ ಭಾಷಣ ಕೇಳಿದ್ದೆ ಸಾರ್. ಅಷ್ಟು ಮಾತಾಡಿದವರ ಹೆಸರನ್ನ ವಿರುದ್ಧ ಅಂತ ಹಾಕೋಕೆ ಕೈ ಬರುತ್ತಾ? ಸಹಿ ನೋಡದೇ ಪರ ಅಂತ ಹಾಕಿದೀನಿ. ಅಕ್ಕ ಇಲ್ಲದಿದ್ದರೆ ಅದು ಹಾಗೇ ಹೋಗಿರೋದು."

ಆ ಸಂಜೆ ಪಟ್ಟಿಯಕ್ಕ ಚೀಟಿಯನ್ನು ಯಜಮಾನರ ಮುಂದಿಟ್ಟರು. ಅವರು ಓದಿದರು, ಮಗುಚಿ ನೋಡಿದರು, ಮತ್ತೆ ಓದಿದರು. ಆಮೇಲೆ ನಿಧಾನವಾಗಿ, ಇದು ಅಚ್ಚಿನ ತಪ್ಪಿರಬೇಕು ಕಣೇ ಎಂದರು.

"ಕೋಪ ಮಾಡಿಕೊಂಡಿದ್ದರೆ ತಡ್ಕೊಳ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದೀವಿ. ದಿನಾ ನಾಲ್ಕು ಗಂಟೆಗೆ ಎದ್ದು ನಾನು ಎಲ್ಲಿಗೆ ಹೋಗ್ತೀನಿ, ಏನು ಮಾಡ್ತೀನಿ ಅಂತ ಅವರಿಗೆ ಗೊತ್ತೇ ಇರಲಿಲ್ಲ ಅನ್ನಿಸಿಬಿಡ್ತು," ಎನ್ನುತ್ತಾರೆ ಅವರು.

ಮೂರನೇ ದಿನ ಯಜಮಾನರು ಕಾರ್ಖಾನೆಗೆ ರಜೆ ಹಾಕಿ, ತಲೆ ಬಾಚಿಕೊಂಡು, ಮುದ್ರಣಾಲಯದ ಕಿಟಕಿಗೆ ಬಂದು, ಎಲ್ಲರಂತೆ ಅರ್ಜಿ ತುಂಬಿ ಸಹಿಯ ಹಾಳೆಗಳನ್ನು ನೋಡಬೇಕೆಂದು ಕೇಳಿದರು. ಗುಮಾಸ್ತರಿಗೆ ಅಂಥ ಅರ್ಜಿ ನಮೂನೆ ಎಲ್ಲಿದೆ ಎಂದೇ ಮರೆತುಹೋಗಿತ್ತು. ಮಧ್ಯಾಹ್ನದವರೆಗೆ ಕುಳಿತು ಯಜಮಾನರು ಇಪ್ಪತ್ಮೂರನ್ನೂ ನೋಡಿದರು. ಆ ಸಹಿ ಅವರಿಗೆ ಚೆನ್ನಾಗಿ ಗೊತ್ತು. ಚೈನುಗಳಿಗೆ ಧನ್ಯವಾದ ಹೇಳಿ ಚೈನ್ ಅಣ್ಣ ಬರೆದ ಕಾಗದವನ್ನು ಅವರು ಎಂಟು ವರ್ಷದಿಂದ ಜೋಪಾನ ಮಾಡಿದ್ದಾರೆ. ಕಾಗದವನ್ನು ಜೇಬಿನಲ್ಲಿ ತಂದಿದ್ದರು. ಪಕ್ಕದಲ್ಲಿಟ್ಟು ಹೋಲಿಸಿದರು.

"ನಾನು ಚೈನನ್ನ ನಂಬೋದು ಅದು ತುಂಡಾದ ಮೇಲೆ. ಎಷ್ಟಕ್ಕೆ ತುಂಡಾಯ್ತು ಅಂತ ನೋಡಿ ಉಳಿದವನ್ನ ನಂಬ್ತೀನಿ. ಈ ಮನುಷ್ಯನನ್ನ ಒಂದು ಸಲವೂ ಎಳೆದು ನೋಡಿರಲಿಲ್ಲ," ಎಂದರು ನನ್ನೊಡನೆ. ಆ ದಿನ ಹೆಂಡತಿಯ ಮೇಜಿನ ಪಕ್ಕ ನಿಂತು ರಟ್ಟನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟು ಮನೆಗೆ ಹೋದರಂತೆ.

ಬಿನ್ನವತ್ತಳೆಯ ಸಭೆ ನಿಗದಿಯಾದ ದಿನವೇ ನಡೆಯಿತು. ಊಟದ ಕೋಣೆಯ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಯಜಮಾನರು ಎದ್ದು ಬಿನ್ನವತ್ತಳೆಯ ಬದಲು ಇಪ್ಪತ್ಮೂರು ತಾರೀಖುಗಳನ್ನು ಓದಿದರು. ತಾರೀಖು, ವಿಷಯ, ಗುಂಪು. ತಾರೀಖು, ವಿಷಯ, ಗುಂಪು. ಒಂದೇ ಒಂದು ಬಿರುನುಡಿ ಸೇರಿಸಲಿಲ್ಲ. ಐದಾರು ಆಗುವಷ್ಟರಲ್ಲಿ ಹಿಂದಿನ ಬೆಂಚಿನ ಪಿಸುಮಾತು ನಿಂತಿತು. ಹೊರಗಿನವನಾದ ನಾನೂ ಒಂದು ಬೆಂಚಿನ ತುದಿಯಲ್ಲಿ ಕುಳಿತಿದ್ದೆ.

ಚೈನ್ ಅಣ್ಣ ಸಿಟ್ಟಾಗಲಿಲ್ಲ. ಅವರ ಮುಖದ ಮೇಲಿದ್ದದ್ದು ನಮ್ಮೆಲ್ಲರ ಮುಖದ ಮೇಲಿದ್ದ ಬೆರಗೇ.

"ಇದನ್ನ ಯಾರಾದರೂ ಓದ್ತಾರಾ?" ಎಂದು ಕೇಳಿದರು.

ಆಮೇಲೆ ಅವರು ನೀರು ಕುಡಿದು ವಿವರಣೆ ಕೊಟ್ಟರು. ಸಭೆಯಲ್ಲಿ ಮಾತು ಸದಸ್ಯನದು, ಮತ ಪಕ್ಷದ್ದು ಎಂದರು. ಮಾತಾಡಲು ಬಿಡುತ್ತಾರೆ, ಮತ ಹಾಕುವಾಗ ಬಾಗಿಲಲ್ಲಿ ಆದೇಶ ಇಟ್ಟುಕೊಂಡು ನಿಂತಿರುತ್ತಾರೆ, ಮೀರಿದರೆ ಮುಂದಿನ ಸಲ ಟಿಕೆಟ್ಟಿಲ್ಲ ಎಂದರು. ಅದು ಸುಳ್ಳಲ್ಲದಿರಬಹುದು. ಪರೀಕ್ಷೆ ಕೋಣೆಯ ಒಬ್ಬ ಹಿರಿಯರು ಕುಳಿತಲ್ಲಿಂದಲೇ, ಹಾಗಾದರೆ ಚೈನ್ ಹಾಕಿಕೊಂಡು ಹೋದ ದಿನ ಅದನ್ನೂ ಹೇಳಬಹುದಿತ್ತಲ್ಲಣ್ಣ, ನಾವು ಬೇರೆ ಬಾಗಿಲು ತಟ್ಟುತ್ತಿದ್ದೆವು ಎಂದರು. ಚೈನ್ ಅಣ್ಣ ತಲೆ ತಗ್ಗಿಸಿದರು. ಕೊನೆಗೆ ಎದೆಯ ಮೇಲೆ ಕೈಯಿಟ್ಟು, "ಈ ಸಲ ಪಕ್ಷ ಏನೇ ಹೇಳಲಿ, ಮತದ ಹೊತ್ತಿಗೆ ನಾನು ಒಳಗೆ ಇರ್ತೀನಿ," ಎಂದರು. ಜನ ಚಪ್ಪಾಳೆ ತಟ್ಟಿದರು. ಜೋರಾಗಿ ಅಲ್ಲ, ಆದರೆ ತಟ್ಟಿದರು.

ಮುದ್ರಣಾಲಯದಲ್ಲಿ ಮೇಲ್ವಿಚಾರಕರು ಪಟ್ಟಿಯಕ್ಕನನ್ನು ಕರೆಸಿದರು. ಕಚೇರಿಯ ಕಾಗದ ಹೊರಗೆ ಹೋಯಿತೇ ಎಂದು ವಿಚಾರಣೆ. ಹೋಗಿದೆ ಸಾರ್, ಹತ್ತೊಂಬತ್ತು ವರ್ಷದಿಂದ ದಿನಾ ಕೆಳಗಿನ ಕಿಟಕಿಯಲ್ಲಿ ಮಾರ್ತಾ ಇದೀವಲ್ಲ ಎಂದರಂತೆ. ಅದು ನಿಜ. ಪಟ್ಟಿ ಗುಟ್ಟಿನ ಕಾಗದವಲ್ಲ. ಒಂದು ಲೋಟ ಚಹಾದ ಬೆಲೆಗೆ ಯಾರು ಬೇಕಾದರೂ ಕೊಳ್ಳಬಹುದು. ದಿನಕ್ಕೆ ಎರಡು ಪ್ರತಿ ಹೋಗುತ್ತಿತ್ತು. ಒಂದು ವಕೀಲರ ಗ್ರಂಥಾಲಯಕ್ಕೆ. ಇನ್ನೊಂದನ್ನು ಕೊಳ್ಳುತ್ತಿದ್ದವರು ಮನೆಪಾಠದ ಮೇಷ್ಟ್ರು, ಹಿಂಬದಿ ಖಾಲಿಯಿರುತ್ತದೆ, ಲೆಕ್ಕ ಮಾಡಿಸಲು ಅನುಕೂಲ ಎಂದು. ಮೇಲ್ವಿಚಾರಕರಿಗೆ ಮುಂದೆ ಕೇಳಲು ಏನೂ ಉಳಿಯಲಿಲ್ಲ. ಎದ್ದು ಬರುವ ಮುನ್ನ ಪಟ್ಟಿಯಕ್ಕ, ಇನ್ನು ಮುಂದೆ ತಲೆಬರಹವನ್ನೂ ನಾನೇ ನೋಡ್ತೀನಿ ಸಾರ್ ಎಂದು ಅರ್ಜಿ ಕೊಟ್ಟು ಬಂದರು. ನಿವೃತ್ತಿಗೆ ಎರಡು ವರ್ಷವಿರುವವರು ಕೆಲಸ ಹೆಚ್ಚಿಸಿಕೊಳ್ಳುವುದನ್ನು ಆ ಕಚೇರಿ ಅದೇ ಮೊದಲು ಕಂಡಿತು.

ಮತದಾನ ಬುಧವಾರ ಸಂಜೆ ನಡೆಯಿತು. ಫಲಿತಾಂಶ ಏಳು ಗಂಟೆಗೆ ಊರಿಗೆಲ್ಲ ಗೊತ್ತಾಯಿತು. ಮುಂದುವರಿಸಲು ನೂರ ಒಂದು, ಬೇಡವೆಂದು ನೂರ ನಾಲ್ಕು. ಆದೇಶ ಬಿತ್ತು. ಬರುವ ವರ್ಷದಿಂದ ಸೈಕಲ್ಲಿಗೆ ಯಾವ ದೇಶದ ಚೈನಾದರೂ ಆದೀತು. ಕೈಯಲ್ಲಿರುವ ಬೇಡಿಕೆ ಮುಗಿಯುವವರೆಗೆ, ಅಂದರೆ ಸುಮಾರು ಏಳು ತಿಂಗಳು, ಕಾರ್ಖಾನೆ ಓಡುತ್ತದೆ. ಯಾರು ಯಾವ ಕಡೆ ಎಂಬುದು ಮಾತ್ರ ಪಟ್ಟಿ ಬರುವವರೆಗೆ ತಿಳಿಯುವಂತಿರಲಿಲ್ಲ. ಆದರೆ ಮತದಾನ ನಡೆಯುತ್ತಿದ್ದ ಹೊತ್ತಿನಲ್ಲೇ ಟೀವಿಯಲ್ಲಿ ಚೈನ್ ಅಣ್ಣ ಕಂಡಿದ್ದರು, ಶಾಸನಸಭೆಯ ಮೆಟ್ಟಿಲ ಮೇಲೆ. ಕಾರ್ಖಾನೆಯ ಪರವಾಗಿ ಬಿಸಿಬಿಸಿಯಾಗಿ ಮಾತಾಡಿದ್ದರು. ನಮ್ಮವರು ಈ ಸಲ ನಮ್ಮ ಜೊತೆಗಿದ್ದಾರೆ ಎಂದು ಕಾರ್ಮಿಕರು ಸೋಲಿನಲ್ಲೂ ಅಷ್ಟು ಸಮಾಧಾನ ಮಾಡಿಕೊಂಡರು.

ಗುರುವಾರ ಬೆಳಿಗ್ಗೆ ಪಟ್ಟಿಯಕ್ಕ ಮೊದಲು ತಲೆಬರಹ ಓದಿದರು. ಆಮೇಲೆ ರಟ್ಟನ್ನು ಕಟ್ಟಕಡೆಯ ಹೆಸರಿಗೆ ಇಳಿಸಿದರು. ಪುಟದ ಕೆಳತುದಿಯಲ್ಲಿರುವುದು ಗೈರಾದವರ ಗುಂಪು. ಏಳು ಹೆಸರು. ಕೆಳಗಿನಿಂದ ಮೂರನೆಯದಕ್ಕೆ ಪೆನ್ಸಿಲ್ ನಿಂತಿತು.

ಅವರು ಸಹಿಯ ಹಾಳೆಗಳನ್ನು ಎತ್ತಿಕೊಂಡರು. ಪರದ ಹಾಳೆಯನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲಕ್ಕೆ ನೋಡಿದರು. ವಿರುದ್ಧದ ಹಾಳೆಯನ್ನೂ ಹಾಗೆಯೇ. ತಟಸ್ಥರ ಹಾಳೆ ಖಾಲಿಯಿತ್ತು. ಅದನ್ನೂ ಬೆಳಕಿಗೆ ಹಿಡಿದು ನೋಡಿದರು. ಚೈನ್ ಅಣ್ಣನ ಸಹಿ ಎಲ್ಲೂ ಇರಲಿಲ್ಲ. ನಾನು ಎದುರಿಗೇ ಕುಳಿತಿದ್ದೆ. ಒಂದು ಮತದಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ಅಂತರ ಮೂರು. ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಲೆಕ್ಕದಿಂದ ಏನೂ ಹಗುರವಾಗಲಿಲ್ಲ.

"ಹೊರಗೆ ನಿಂತು ಮಾತಾಡ್ತಿದ್ದರು," ಎಂದಷ್ಟೇ ಹೇಳಿ ಪಟ್ಟಿಯಕ್ಕ ಆ ಹೆಸರಿಗೆ ಚುಕ್ಕೆ ಇಟ್ಟರು. ರಟ್ಟು ಒಂದು ಸಾಲು ಮೇಲಕ್ಕೆ ಸರಿಯಿತು.

ಹತ್ತು ಗಂಟೆಗೆ ಮಾರಾಟದ ಕಿಟಕಿ ತೆರೆದಾಗ ಹೊರಗೆ ಅರವತ್ತಕ್ಕೂ ಹೆಚ್ಚು ಜನ ಸಾಲುಗಟ್ಟಿದ್ದರು. ಗುಮಾಸ್ತರ ಹತ್ತಿರ ಇದ್ದದ್ದು ಹತ್ತು ಪ್ರತಿ. ಸುದ್ದಿ ಕೇಳಿ ಪಟ್ಟಿಯಕ್ಕ ತಾವೇ ಕೆಳಗಿಳಿದು ಬಂದರು. ಸಾಲಿನ ನಡುವೆ ಯಜಮಾನರೂ ಇದ್ದರು. ಮೊದಲ ಪ್ರತಿ ಕೊಂಡವನು ಪುಟ ಬಿಡಿಸಿ, ಕೆಳತುದಿಗೆ ಬೆರಳಿಟ್ಟು, ನಂಬಲಾಗದೆ ಸುತ್ತಲಿನವರಿಗೆ ತೋರಿಸಿದ. ಕಾಗದ ಕೈಯಿಂದ ಕೈಗೆ ಹೋಗಿ ಯಜಮಾನರ ಹತ್ತಿರ ಬಂತು.

"ಇದು ತಪ್ಪಿರಬೇಕು ಬಿಡಣ್ಣ," ಎಂದ ಅವನು. "ನಿನ್ನೆ ಟೀವೀಲಿ ನಾನೇ ನೋಡಿದೀನಿ, ಅವರು ಅಲ್ಲೇ ಇದ್ದರು."

ಯಜಮಾನರು ಆ ಸಾಲನ್ನು ಓದಿ, ಕಾಗದ ಮಡಿಸಿ ಅವನ ಕೈಗೇ ಕೊಟ್ಟರು.

"ತಪ್ಪಿಲ್ಲ. ಅದನ್ನ ನೋಡಿರೋದು ನನ್ನ ಹೆಂಡತಿ."

ಕಿಟಕಿಯ ಒಳಗಿದ್ದ ಪಟ್ಟಿಯಕ್ಕ ಅದನ್ನು ಕೇಳಿಸಿಕೊಂಡರೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ಕಂಬಿಗಳ ನಡುವಿನಿಂದ ಸಾಲಿನ ಕಡೆ ಬಗ್ಗಿ ಹೇಳಿದರು: "ಯಾರೂ ಹೋಗಬೇಡಿ. ಇನ್ನೂ ನೂರು ಪ್ರತಿ ಹಾಕಿಸಿದೀನಿ, ಬರ್ತಾ ಇದೆ."